ಏಳನೆಯ ಫಾರಂ

ನಮ್ಮ ಮುದ್ರಣಾಲಯದ ಬೈಂಡಿಂಗ್ ಅಕ್ಕ ಇಪ್ಪತ್ತಾರು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದಾಳೆ. ಹೊಲಿದದ್ದರಲ್ಲಿ ಒಂದನ್ನೂ ಓದಿರಲಿಲ್ಲ. ಕೇಳಿದರೆ, "ದರ್ಜಿ ತಾನು ಹೊಲಿದ ಅಂಗಿನೆಲ್ಲ ತೊಟ್ಟು ನೋಡ್ತಾನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಾನು ಪಕ್ಕದ ಮೇಜಿನಲ್ಲಿ ಕೂತು ಕರಡು ತಿದ್ದುವವನು. ಓದುವುದೇ ನನ್ನ ಹೊಟ್ಟೆಪಾಡು. ಅವಳು ನನಗಿಟ್ಟ ಹೆಸರು ತಿದ್ದಪ್ಪ.

ಹದಿನಾರು ಪುಟದ ಒಂದು ಮಡಿಕೆಗೆ ನಾವು ಫಾರಂ ಎನ್ನುತ್ತೇವೆ. ಅಕ್ಕ ಉದ್ದನೆಯ ಮೇಜಿನ ಮೇಲೆ ಫಾರಂಗಳ ಗುಡ್ಡೆಗಳನ್ನು ಸಾಲಾಗಿಟ್ಟು, ಸುತ್ತ ನಡೆಯುತ್ತ, ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿ ಎಡಗೈ ಮೇಲೆ ಪೇರಿಸುತ್ತಾಳೆ. ಒಂದು ಸುತ್ತಿಗೆ ಒಂದು ಪುಸ್ತಕ. ಪುಟದ ಅಂಕಿ ನೋಡುವ ಗೋಜಿಗೆ ಹೋಗುವುದಿಲ್ಲ. ಲೆಕ್ಕ ಕಾಲಿಗೆ ಗೊತ್ತು ಎನ್ನುತ್ತಾಳೆ. ಮಂಡಿನೋವು ಶುರುವಾದ ಮೇಲೂ ಆ ಕಾಲಿನ ಬಗ್ಗೆ ಅವಳಿಗೆ ಜಂಬ ಕಡಿಮೆಯಾಗಿಲ್ಲ.

ಅಂಥವಳು ಹೋದ ತಿಂಗಳು ಒಂದು ಪುಸ್ತಕ ಓದಿದಳು. ರಟ್ಟು ಓರೆಯಾಗಿ ಅಂಟಿ, ಮಾರಲು ಬಾರದ ಪ್ರತಿ. ಮಂಡಿಗೆ ಎಣ್ಣೆ ಹಚ್ಚಿ ಕೂತಾಗ ಹೊತ್ತು ಹೋಗಲಿ ಎಂದು ಮನೆಗೆ ಒಯ್ದಿದ್ದಳು. ಒಂದೇ ಕಟ್ಟಡದ ಒಂಬತ್ತು ಮನೆ, ಮನೆಗೊಂದು ಕಥೆ. ಒಂದು ಕಥೆಯಲ್ಲಿ ಸುಮ್ಮನೆ ಮೆಟ್ಟಿಲಿಳಿದು ಹೋದವರು ಇನ್ನೊಂದರಲ್ಲಿ ಬಾಗಿಲು ತೆರೆದು ಎದುರು ನಿಲ್ಲುತ್ತಾರೆ.

"ಆ ಬೀಗ ರಿಪೇರಿಯವನು ಮಹಾ ಕಳ್ಳ ಕಣೋ ತಿದ್ದಪ್ಪ," ಅಂದಳು ಮರುದಿನ.

ನಾನು ಬೆಪ್ಪಾದೆ. "ಕಳ್ಳನಾ?"

"ಮತ್ತೆ? ಟೀಚರಮ್ಮನ ಪೆಟ್ಟಿಗೆ ತೆಗೆದು ಬಳೆ ಲಪಟಾಯಿಸಿದನಲ್ಲ."

"ಅಕ್ಕಾ, ಅವನಂಥ ಸಾಧು ಇಡೀ ಪುಸ್ತಕದಲ್ಲಿ ಇನ್ನೊಬ್ಬನಿಲ್ಲ. ನಿದ್ದೆಗಣ್ಣಲ್ಲಿ ಓದಿದ್ಯಾ?"

"ಅಕ್ಷರ ನಿನ್ನೊಬ್ಬನಿಗೇ ಬರೋದಾ?"

ಮೂರು ದಿನ ಇದೇ ಜಗಳ. ಎಂಟನೆಯ ಕಥೆಯಲ್ಲಿ ಅವನು ಮನೆ ಖಾಲಿ ಮಾಡಿ ಹೊರಡುತ್ತಾನೆ, ಇಡೀ ಕಟ್ಟಡದಲ್ಲಿ ಒಬ್ಬರೂ ಮಾತಾಡಿಸುವುದಿಲ್ಲ. ಅಲ್ಲಿ ನನ್ನ ಕಣ್ಣು ಒದ್ದೆಯಾಗಿತ್ತು. ಅಕ್ಕನಿಗೆ ಪೀಡೆ ತೊಲಗಿತು ಅನ್ನಿಸಿತಂತೆ. ಒಂದೇ ಪುಟ, ಒಬ್ಬರಿಗೆ ಅಳು, ಒಬ್ಬರಿಗೆ ಸಮಾಧಾನ. ಎರಡು ಸಲ ಕರಡು ನೋಡಿದ ನನಗೇ ನನ್ನ ಮೇಲೆ ಅನುಮಾನ ಹುಟ್ಟಿತು. ವಯಸ್ಸಾಯಿತೋ, ತಲೆ ಕೆಟ್ಟಿತೋ ಗೊತ್ತಾಗಲಿಲ್ಲ.

ನಾಲ್ಕನೆಯ ದಿನ ಆ ಪುಸ್ತಕದ ಲೇಖಕಿಯೇ ಬಂದರು. ಮುಖ ಬಾಡಿತ್ತು. ನೇರ ನನ್ನ ಮೇಜಿನ ಹತ್ತಿರ ಬಂದು ಕೂತರು.

"ಬೀಗದವರು ಅಂದ್ರೆ ನಮ್ಮಪ್ಪನೇ. ಅವರ ಮೇಲೆ ಬಂದಿದ್ದ ಕಳ್ಳತನದ ಮಾತು ಅಳಿಸಿಹೋಗ್ಲಿ ಅಂತ ಈ ಪುಸ್ತಕ ಬರೆದೆ. ಹೊಲಿದು ಮುಗಿದ ದಿನ ಇಲ್ಲಿಂದಲೇ ಒಂದು ಪ್ರತಿ ತಗೊಂಡು ಹೋಗಿ ಕೊಟ್ಟೆ. ಓದಿ ಮುಗಿಸಿದ ದಿನದಿಂದ ನನ್ನ ಜೊತೆ ಮಾತಿಲ್ಲ. ಹೋದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ನೀವು ಓದಿದ್ದೀರಲ್ಲ, ನಾನು ಎಲ್ಲಿ ತಪ್ಪಿದೆ ಹೇಳಿ."

ಕರಡಿನ ಹೊತ್ತಿನಲ್ಲಿ ನಾನೇ ದೊಡ್ಡ ಮನುಷ್ಯನಂತೆ, ಏಳನೆಯ ಕಥೆಯಲ್ಲಿ ಬರೀ ಮಾತುಕತೆ, ಏನೂ ನಡೆಯುವುದಿಲ್ಲ, ಅದನ್ನು ತೆಗೆದರೂ ನಡೆಯುತ್ತದೆ ಎಂದು ಇವರಿಗೆ ಸಲಹೆ ಕೊಟ್ಟಿದ್ದೆ. "ಅದೊಂದಕ್ಕೋಸ್ಕರ ಉಳಿದ ಎಂಟು ಬರೆದಿದ್ದೀನಿ" ಎಂದು ಅವರು ನಕ್ಕಿದ್ದರು.

"ಟೀಚರಮ್ಮನೇ ಅವರನ್ನ ಕರೆಸಿದ್ದು ಅಂತ ಏಳನೆಯದರಲ್ಲಿ ಸ್ಪಷ್ಟವಾಗಿ ಇದೆಯಲ್ಲ ಮೇಡಂ," ಅಂದೆ. "ಮನೆ ಬಿಟ್ಟು ಹೋದ ಮಗಳಿಗೆ ಗಂಡನ ಕಣ್ಣು ತಪ್ಪಿಸಿ ಬಳೆ ಕಳಿಸೋದಕ್ಕೆ. ಯಾರಿಗೂ ಹೇಳಲ್ಲ ಅಂತ ಬೀಗದವರು ಮಾತು ಕೊಟ್ಟಿದ್ದು."

"ಯಾವ ಮಗಳು?" ಅಂದಳು ಅಕ್ಕ.

ತನ್ನ ಪ್ರತಿಯನ್ನು ಚೀಲದಿಂದ ತೆಗೆದು ನನ್ನ ಮುಂದೆ ಕುಕ್ಕಿದಳು. ತೊಂಬತ್ತಾರನೆಯ ಪುಟದಲ್ಲಿ ಆರನೆಯ ಕಥೆ ಮುಗಿದಿತ್ತು. ತಿರುಗಿಸಿದರೆ ನೂರಹದಿಮೂರು, ಎಂಟನೆಯದು ಶುರು. ಏಳನೆಯ ಕಥೆ ಸರಿಯಾಗಿ ಒಂದು ಫಾರಂ ಉದ್ದವಿದ್ದದ್ದರಿಂದ ತುಂಡಾದ ವಾಕ್ಯವೊಂದೂ ಇರಲಿಲ್ಲ.

ಅಕ್ಕ ಎದ್ದು ಹುಡುಕಿದಳು. ಕಿಟಕಿಯ ಹತ್ತಿರ, ಕಾಗದದ ಕಟ್ಟುಗಳ ಹಿಂದೆ, ನೆಲದ ಮೇಲೆ ಏಳನೆಯ ಫಾರಂನ ಗುಡ್ಡೆ ಸಿಕ್ಕಿತು.

"ಈ ಪುಸ್ತಕ ಜೋಡಿಸಿದ ಕೊನೇ ದಿನ ಅಂಟಿನ ಬೋಗುಣಿಗೆ ಮೇಜಿನ ಮೇಲೆ ಜಾಗ ಸಾಲಲಿಲ್ಲ. ಇದನ್ನ ಸ್ಟೂಲ್ ಮೇಲಿಟ್ಟಿದ್ದೆ. ಇಲ್ಲಿಗೆ ಹೇಗೆ ಬಂತು?"

ಸ್ಟೂಲು ಬೇಕಾಗಿದ್ದು ನನಗೆ. ಬೆಳಕಿಗೆ ಕೂತು ಕರಡು ನೋಡಲು ಅದನ್ನು ಗುಡ್ಡೆ ಸಮೇತ ಕಿಟಕಿಯ ಹತ್ತಿರ ಎಳೆದು, ಗುಡ್ಡೆಯನ್ನು ಕೆಳಗಿಟ್ಟಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದೆ.

ಅಕ್ಕ ಬೈಯಲಿಲ್ಲ. "ಸ್ಟೂಲ್ ನೀನು ತೆಗೆದೆ, ಸರಿ. ಒಂದು ಹೆಜ್ಜೆ ಕಮ್ಮಿಯಾಗಿದ್ದು ನನ್ನ ಕಾಲಿಗೆ ತಿಳೀಲಿಲ್ಲವಲ್ಲೋ," ಎಂದು ಮಂಡಿ ಹಿಡಿದು ಕೂತುಬಿಟ್ಟಳು. ಅವಳನ್ನು ಹಾಗೆ ನೋಡಿ ನನಗೆ ಸಂಕಟವಾಯಿತು. ಆಮೇಲೆ ಸೂಜಿ, ದಾರ, ಒಂದು ಫಾರಂ ಚೀಲಕ್ಕೆ ಹಾಕಿಕೊಂಡು, "ನಡೀರಿ ಮೇಡಂ, ನಿಮ್ಮಪ್ಪನ ಮನೆಗೆ," ಅಂದಳು. ನಾನೂ ಹಿಂದೆ ಹೋದೆ.

ಒಂದೇ ಕೋಣೆ. ಗೋಡೆ ತುಂಬ ಮೊಳೆಗೆ ನೇತುಹಾಕಿದ ಹಳೆಯ ಬೀಗದಕೈಗಳು. ಹಿರಿಯರು ಮಂಚದ ಮೇಲೆ ಕೂತಿದ್ದರು.

"ಯಜಮಾನರೇ, ತಪ್ಪು ನಿಮ್ಮ ಮಗಳದಲ್ಲ, ನಂದು. ನಡುವೆ ಒಂದು ಕಥೆ ಬಿಟ್ಟು ಹೊಲಿದಿದ್ದೀನಿ," ಎಂದು ಅಕ್ಕ ನೆಲದ ಮೇಲೆ ಕೂತು ಅವರ ಪ್ರತಿಯ ಬೆನ್ನು ಬಿಚ್ಚತೊಡಗಿದಳು.

"ಮೊದಲು ಅದನ್ನ ಓದು," ಅಂದರು ಅವರು.

ಅಕ್ಕ ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತ, ಹದಿನಾರು ಪುಟವನ್ನೂ ಗಟ್ಟಿಯಾಗಿ ಓದಿದಳು. ಮಗಳು ಬಾಗಿಲಲ್ಲೇ ನಿಂತಿದ್ದರು. ಓದಿ ಮುಗಿದಾಗ ಹಿರಿಯರು ಮೊದಲ ಸಲ ಮಗಳತ್ತ ನೋಡಿದರು.

"ಇದು ಹೀಗೆ ನಡೆದದ್ದಲ್ಲ. ಟೀಚರಮ್ಮ ನನ್ನನ್ನ ಕರೆಸಿರಲಿಲ್ಲ."

ಮಗಳು ಬಾಗಿಲು ಬಿಟ್ಟು ಒಳಗೆ ಬಂದರು.

"ಬಳೆ ತೆಗೆದದ್ದು ನಿಜವಾ ಅಂತ ನೀನು ಒಂದು ದಿನವೂ ನನ್ನನ್ನ ಕೇಳಲಿಲ್ಲ," ಅಂದರು ಹಿರಿಯರು.

"ಕೇಳ್ಬೇಕು ಅನ್ನಿಸಲಿಲ್ಲ ಅಪ್ಪಾ."

ಹಾಗಾದರೆ ಬಳೆ ತೆಗೆದದ್ದು ಇವರೇನಾ? ಅಥವಾ ನಡೆದದ್ದು ಬೇರೆಯೇ ಏನೋ ಇದೆಯಾ? ಮೂರು ದಿನ ಅಕ್ಕನ ಜೊತೆ ಜಗಳವಾಡಿದ ನನಗೆ ಯಾರು ಸರಿ ಎಂಬುದೇ ಈಗ ತಿಳಿಯದಾಯಿತು. ಅಕ್ಕನ ಮುಖ ನೋಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಹಿರಿಯರು ಬಗ್ಗಿ, ಬಿಚ್ಚಿದ ಪುಸ್ತಕದ ನಡುವೆ ಆ ಫಾರಂ ಅನ್ನು ತಾವೇ ಇಟ್ಟು, ಅಂಚು ಸರಿಮಾಡಿ ಅಕ್ಕನ ಮಡಿಲಿಗೆ ಕೊಟ್ಟರು.

"ಗಟ್ಟಿಯಾಗಿ ಹೊಲಿ ತಾಯಿ," ಅಂದರು. "ಇದೊಂದು ಬಿಚ್ಚಿ ಬರಬಾರದು."