ನೆಲಬೇವಿನ ಪುಡಿಯಲ್ಲೊಂದು ಹೆಚ್ಚಿನ ಪೀಕ್

ಬಸವೇಶ್ವರನಗರದ ಒಂದು ಮನೆಯ ಮಹಡಿಯಲ್ಲಿ ಗಿಡಮೂಲಿಕೆ ಪರೀಕ್ಷೆ ಮಾಡುವ ಲ್ಯಾಬ್ ಇದೆ. ಅಲ್ಲಿನ ಎಚ್‌ಪಿಎಲ್‌ಸಿ ಯಂತ್ರ ಜಯದೇವಿಯ ಕೈಯಲ್ಲಿದೆ. ಪುಡಿಯನ್ನು ಮೆಥನಾಲ್ ಎಂಬ ದ್ರಾವಕದಲ್ಲಿ ನೆನೆಸಿ ಸಾರ ತೆಗೆದು ಯಂತ್ರಕ್ಕೆ ಕೊಡುತ್ತಾಳೆ. ಸಾರದ ಒಂದೊಂದು ಅಂಶವೂ ತನ್ನ ಹೊತ್ತಿಗೆ ಹೊರಬಂದು ಪರದೆಯ ಮೇಲೆ ಗುಡ್ಡದಂತೆ ಏಳುತ್ತದೆ. ಅದೇ ಪೀಕ್. ಗುಡ್ಡ ದೊಡ್ಡದಾದಷ್ಟೂ ಅಂಶ ಜಾಸ್ತಿ.

ದಸರಾ ಮುಗಿದು ಲ್ಯಾಬ್ ತೆರೆದಾಗ ಮೊದಲು ಬಂದದ್ದು ಕೆಂಗೇರಿಯ ಮುನಿರಾಜುವಿನ ನೆಲಬೇವಿನ ಪುಡಿ. ವರದಿ ಸರಿಯಿದ್ದರೆ ವರ್ಷದ ಮಾಲನ್ನೆಲ್ಲ ಅವನಿಂದಲೇ ಕೊಳ್ಳುವುದಾಗಿ ಔಷಧಿ ಕಂಪನಿಯೊಂದು ಮಾತು ಕೊಟ್ಟಿತ್ತು.

ನೆಲಬೇವಿನ ಕಹಿಯ ಪೀಕ್ ಚೆನ್ನಾಗಿ ಎದ್ದಿತು. ಅದರ ಹಿಂದೆಯೇ ಇನ್ನೊಂದು ಎದ್ದಿತು, ನೆಲಬೇವಿನಲ್ಲಿ ಇರಬಾರದ್ದು. ಲ್ಯಾಬಿನ ಯಜಮಾನ ಶ್ರೀರಾಮ್ ನೋಡಿ, ಇದು ಬೆರಕೆ ಮಾಲು, ಹಾಗೇ ಬರೆದು ಕಳಿಸಿ ಎಂದರು. ಸುದ್ದಿ ತಿಳಿದ ಮುನಿರಾಜು ಓಡಿ ಬಂದ.

"ಮೇಡಂ, ನಮ್ ಹೊಲದ್ದೇ ಗಿಡ. ನಮ್ಮವ್ವನೇ ಕೂತು ಕಸ ಆರ್ಸವ್ಳೆ. ಏನಂತ ಬೆರಸ್ಲಿ?"

"ನಿಮ್ ಮಾತೂ ಬೇಡ, ಸಾರ್ ಮಾತೂ ಬೇಡ ಮುನಿರಾಜಣ್ಣ. ಕೂತ್ಕೊಳಿ. ಮೆಷಿನ್ ಹೇಳ್ಲಿ."

ಪುಡಿ ಹಾಕದ ಬರೀ ಮೆಥನಾಲನ್ನು ಯಂತ್ರಕ್ಕೆ ಕೊಟ್ಟಳು. ದಿನಾ ಮೊದಲು ಮಾಡುವ ಕೆಲಸ ಅದು. ಹಬ್ಬಕ್ಕೆ ಮುಂಚೆ ಮಾಡಿದ್ದೇ ಸಾಕೆಂದು ಆ ದಿನ ಮಾಡಿರಲಿಲ್ಲ. ಅದೇ ಜಾಗದಲ್ಲಿ ಅದೇ ಪೀಕ್ ಎದ್ದಿತು.

ಅಂದರೆ ದೋಷ ಮೆಥನಾಲ್‌ನದು. ಬಾಟಲಿ ಎತ್ತಿ ನೋಡಿದಳು. ಕತ್ತಿನ ತುಂಬ ಅರಿಶಿನ, ಕುಂಕುಮ. ಆಯುಧಪೂಜೆಯ ದಿನ ಯಂತ್ರಕ್ಕೆ, ತಕ್ಕಡಿಗೆ, ಬಾಟಲಿಗಳಿಗೆ ಬೊಟ್ಟಿಟ್ಟವಳು ತಾನೇ. ಮುಚ್ಚಳ ತೆಗೆದು ಹಾಕುವಾಗ ಅರಿಶಿನ ಒಳಗಿಳಿದಿರಬೇಕು. ಆದರೂ ಊಹೆಗೆ ಬಿಡಲಿಲ್ಲ. ಹೊಸ ಬಾಟಲಿಯಿಂದ ಒಂದಿಷ್ಟು ಮೆಥನಾಲ್ ತೆಗೆದು, ಅದರಲ್ಲಿ ಚಿಟಿಕೆ ಅರಿಶಿನ ಕರಗಿಸಿ ಸೋಸಿ ಓಡಿಸಿದಳು. ಪೀಕ್ ಅಲ್ಲಿಗೇ ಬಂದು ನಿಂತಿತು.

ಶ್ರೀರಾಮ್ ಕನ್ನಡಕ ಸರಿಮಾಡಿಕೊಂಡರು. "ಹಂಗಾದ್ರೆ ಬೆರಕೆ ಮಾಡಿದ್ದು ನೀವೇ ಅನ್ನಿ."

"ಹೂಂ ಸಾರ್, ನಾನೇ. ಹಳೇ ಮೆಥನಾಲ್ ಪೂರ್ತಿ ಎಸೀತೀನಿ. ಇವ್ರ ಪುಡಿ ಮೊದ್ಲಿಂದ ಮಾಡ್ತೀನಿ."

ಮತ್ತೆ ತೂಗಿದಳು, ನೆನೆಸಿದಳು, ಸೋಸಿದಳು. ಮುನಿರಾಜು ಕಾಫಿಯನ್ನೂ ಕುಡಿಯದೆ ಕೂತಿದ್ದ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ನೆಲಬೇವಿನದಷ್ಟೇ ಉಳಿದಿತ್ತು. ಕಹಿ ಅಂಶ ಕಂಪನಿ ಕೇಳಿದ್ದಕ್ಕಿಂತ ಮೇಲೇ ಇತ್ತು.

ಜಯದೇವಿ ವರದಿಗೆ ಸಹಿ ಹಾಕಿ ಕೊಟ್ಟಳು. ಮುನಿರಾಜು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬೆರಕೆ ಅಂತ ಆಗ್ಲೇ ಕಂಪ್ನಿಯವ್ರ ಕಿವೀಗ್ ಬಿದ್ದಿದ್ರೆ, ಮೇಡಂ?"

"ನಂಗೆ ಫೋನ್ ಮಾಡಕ್ಕೇಳಿ. ನಾನ್ ಮಾತಾಡ್ತೀನಿ."