ಬೀರುವಿನಲ್ಲಿಟ್ಟ ಟಿಸಿ

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಮಾಡಿಕೊಂಡೇ ತಲೆ ನೆರೆಸಿಕೊಂಡವನು ನಾನು. ಹತ್ತಿಯ ರಾಶಿಯನ್ನು ಮೇಲಿಂದ ನೋಡಿ ರೇಟು ಹೇಳುವವನು ಶುದ್ಧ ಮೂರ್ಖ. ಮೊಣಕೈವರೆಗೆ ಕೈ ತೂರಿಸಿ, ಅಡಿಯದನ್ನು ಒಂದು ಹಿಡಿ ಎಳೆದು, ಒದ್ದೆ ಇದೆಯೋ ಕಸ ಇದೆಯೋ ನೋಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಬೇರೆಯವರಿಗೆ ಗಾದೆ, ನನಗೆ ಹೊಟ್ಟೆಪಾಡು. ಹಾಗಾಗಿ ಮಗಳ ಟೆಂತ್ ರಿಸಲ್ಟ್ ಬಂದ ಮೂರನೇ ದಿನ ಇಬ್ಬರು ಸ್ವೀಟ್ ಬಾಕ್ಸ್ ಹಿಡಿದು ಮನೆ ಬಾಗಿಲಿಗೆ ಬಂದಾಗ ನನಗೆ ಖುಷಿಗಿಂತ ಮೊದಲು ಅನುಮಾನ ಬಂತು.

ಊರ ಹೊರಗಿನ ಹೊಸ ಖಾಸಗಿ ಜೂನಿಯರ್ ಕಾಲೇಜಿನವರಂತೆ. ನಮ್ಮ ಮನೆ, ಮಗಳ ಮಾರ್ಕು ಇವರಿಗೆ ಯಾರು ಹೇಳಿದರು? ಕೇಳಿದರೆ ಬರೀ ನಕ್ಕರು. ಮಗಳಿಗೆ ಬೇಕಿದ್ದದ್ದು ಬೈಪಿಸಿ, ಅಂದರೆ ಬಯಾಲಜಿ, ಫಿಸಿಕ್ಸ್, ಕೆಮಿಸ್ಟ್ರಿ. ನಮ್ಮ ಆಂಧ್ರದ ಇಂಟರ್‌ನಲ್ಲಿ, ಅಂದರೆ ಪಿಯುಸಿಯಲ್ಲಿ, ಆ ಗ್ರೂಪು ತೆಗೆದುಕೊಂಡರೆ ಮುಂದೆ ಅಗ್ರಿಕಲ್ಚರ್ ಬಿಎಸ್ಸಿಗೆ ಹೋಗಬಹುದು ಎಂದು ಎಂಟನೇ ಕ್ಲಾಸಿನಿಂದಲೂ ಹೇಳುತ್ತಿದ್ದಳು.

"ಬೈಪಿಸಿ ಸೀಟು ಒಕಟೇ ಉಂದಿ ಅಣ್ಣಾ, ಒಂದ ಉಳಿದೈತಿ. ಇವತ್ತ ಒರಿಜಿನಲ್ಸ್ ಕೊಟ್ರ ಗ್ಯಾರಂಟಿ," ಎಂದ ಒಬ್ಬ.

"ಒರಿಜಿನಲ್ ಯಾಕ್ರಿ? ಜೆರಾಕ್ಸ್ ಒಯ್ಯಿರಿ," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಟಿಸಿ, ಮಾರ್ಕ್ಸ್ ಮೆಮೊ ಒಮ್ಮೆ ಅವರ ಕಪಾಟು ಸೇರಿದರೆ ಹುಡುಗಿ ಬೇರೆ ಕಾಲೇಜಿಗೆ ಹೋಗುವ ಹಾಗಿಲ್ಲ. ಬಿಡಿಸಿಕೊಳ್ಳಲು ನಾನು ಅವರ ಮುಂದೆ ಕೈಮುಗಿದು ನಿಲ್ಲಬೇಕು. ಅತಿ ವಿನಯಂ ಧೂರ್ತ ಲಕ್ಷಣಂ. ಸ್ವೀಟ್ ಬಾಕ್ಸನ್ನೂ ವಾಪಸ್ ಕೊಟ್ಟು ಕಳಿಸಿದೆ.

ಮರುದಿನ ಹೇಳದೆ ಕೇಳದೆ ಆ ಕಾಲೇಜಿಗೆ ಹೋದೆ. ಬೇಸಿಗೆಯಲ್ಲೂ ಕೋಚಿಂಗ್ ನಡೆದಿತ್ತು. ಆಫೀಸಿನ ಕಡೆ ತಲೆ ಹಾಕದೆ ನೇರವಾಗಿ ನೀರಿನ ನಲ್ಲಿಯ ಹತ್ತಿರ ನಿಂತೆ. ಬಾಟಲಿ ತುಂಬಿಸಲು ಬಂದ ಹುಡುಗಿಯನ್ನು ಕೇಳಿದೆ:

"ಲ್ಯಾಬ್ ಎಲ್ಲೈತವ್ವಾ?"

"ಅದ ನೋಡ್ರಿ ಅಂಕಲ್, ಬೀಗ ಹಾಕಿದ್ದು. ನಾವು ಇನ್ನಾ ಒಳಗ ಹೋಗೇ ಇಲ್ಲ."

"ಪರೀಕ್ಷೆ ಇಲ್ಲೇ ಕಟ್ಟೀರೇನು?"

"ಹಾಲ್ ಟಿಕೆಟ್‌ನಾಗ ಬ್ಯಾರೆ ಕಾಲೇಜಿನ ಹೆಸರು ಬಂದೈತ್ರಿ."

ಸಿಕ್ಕಿತಲ್ಲ ಒದ್ದೆ ಹತ್ತಿ! ಈ ಕಟ್ಟಡಕ್ಕೆ ಮಾನ್ಯತೆಯೇ ಇಲ್ಲ. ಬೋರ್ಡಿನ ಮೇಲೆ ಒಂದು ಹೆಸರು, ಪರೀಕ್ಷೆ ಇನ್ನೊಂದರ ಹೆಸರಿನಲ್ಲಿ. ಗೆದ್ದ ಗೂಳಿಯ ಹಾಗೆ ಮನೆಗೆ ಬಂದು ಹೆಂಡತಿ, ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಕೊನೆಗೆ, "ಅದೆಲ್ಲ ಬ್ಯಾಡ. ಮನಿ ಹತ್ರದ ಹೆಣ್ಮಕ್ಕಳ ಕಾಲೇಜಿನಾಗ ಸಿಇಸಿ ಸೇರ್ಲಿ. ಕಾಮರ್ಸು, ಎರಡು ವರ್ಷ ಆರಾಮ," ಎಂದೆ.

ಒರಿಜಿನಲ್ ತೆಗೆಯೋಣವೆಂದು ಬೀರು ತೆರೆದರೆ ಅವನ್ನಿಟ್ಟಿದ್ದ ಕವರೇ ಇಲ್ಲ. ಸೀರೆ ಎಳೆದೆ, ಹೊಲದ ಪಟ್ಟಾ ಪುಸ್ತಕ ಕೆಡವಿದೆ. ಇಲ್ಲ!

"ಅಯ್ಯಯ್ಯೋ, ನಾ ಇಲ್ಲದಾಗ ಆ ಕಳ್ಳನನ್ಮಕ್ಕಳು ಬಂದು ಒಯ್ದಾರ! ನೀನ ಕೊಟ್ಟಿಯೇನು?" ಎಂದು ಹೆಂಡತಿಯ ಮೇಲೆ ಹಾರಿಬಿದ್ದೆ. ಪೊಲೀಸರಿಗೇ ಹೇಳುತ್ತೇನೆಂದು ಫೋನು ಕೈಗೆತ್ತಿಕೊಂಡೆ.

"ಯಾರೂ ಒಯ್ದಿಲ್ಲಪ್ಪ," ಎಂದಳು ಮಗಳು. "ನಾನ ನಮ್ಮ ಸ್ಕೂಲಿನ ಹೆಡ್‌ಮೇಡಂ ಹತ್ರ ಇಟ್ಟು ಬಂದೀನಿ."

"ಯಾಕ?"

"ನಿನ್ನ ಮ್ಯಾಲ ಅನುಮಾನ ಬಂತು." ಎಂದಳು. "ಗೋನೆಗಂಡ್ಲದಾಗಿನ ನಿನ್ನ ಅಕ್ಕಗ ಫೋನ್‌ನಾಗ ಏನಂದಿ? ಎರಡು ವರ್ಷ ಮನಿ ಹತ್ರ ಕಾಲೇಜಿಗೆ ಹೋಗ್ಲಿ, ಆಮ್ಯಾಲೆ ನಿನ್ನ ಮಗಗ ಮಾಡ್ಕೊ ಅಂದಿ. ಸಿಇಸಿ ಸೇರಿದ್ರ ಅಗ್ರಿಕಲ್ಚರ್ ಸೀಟಿನ ಪರೀಕ್ಷೆ ಬರಿಯಾಕ ಬರಂಗಿಲ್ಲ. ಅದು ನಿನಗೂ ಗೊತ್ತೈತಿ."

ಗೊತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಊರವರನ್ನೆಲ್ಲ ಸಂಶಯಿಸಿದ ನಾನು ಅಕ್ಕನಿಗೆ ಕೊಟ್ಟ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಆದರೂ ಗಂಡಸಿನ ಸೊಕ್ಕು, ಬಾಯಿಗೆ ಬಂದಂತೆ ಬೈದೆ. ಹೆಂಡತಿ ಒಂದೇ ಮಾತಂದಳು: "ಕೈ ಒಳಗ ಹಾಕಿ ನೋಡಬೇಕು ಅಂತ ಆಕಿಗೆ ಕಲಿಸಿದವ್ರು ಯಾರ್ರೀ?" ಬೈಗುಳ ಅಲ್ಲೇ ನಿಂತಿತು. ನಾಚಿಕೆಯಾಯಿತು, ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮಗಳ ಎದುರಿಗೇ ಅಕ್ಕನಿಗೆ ಫೋನು ಮಾಡಿದೆ. "ಆ ಮಾತು ಬಿಟ್ಟುಬಿಡಕ್ಕಾ. ಆಕಿ ಓದ್ತಾಳ," ಎಂದೆ. ಅಕ್ಕ ಏನೇನೋ ಅಂದಳು, ಕೇಳಿಸಿಕೊಂಡೆ. ಆಮೇಲೆ ಅಪ್ಪ ಮಗಳು ಸ್ಕೂಲಿಗೆ ಹೋದೆವು. ಹೆಡ್‌ಮೇಡಂ ಮೇಜಿನ ಡ್ರಾಯರಿನಿಂದ ಕವರು ತೆಗೆದರು. ನಾನು ಕೈ ಚಾಚಿದೆ. ಅವರು ನನ್ನ ಕೈ ದಾಟಿಸಿ ಅದನ್ನು ಮಗಳಿಗೆ ಕೊಟ್ಟರು.

"ತಪ್ಪು ತಿಳೀಬ್ಯಾಡ್ರಿ. ಆಕಿ ಇಟ್ಟಿದ್ದು, ಆಕಿಗೇ ಕೊಡ್ತೀನಿ."

ಮಗಳು ಟಿಸಿ, ಮೆಮೊ, ಸ್ಟಡಿ ಸರ್ಟಿಫಿಕೇಟು ಒಂದೊಂದೇ ತೆಗೆದು ಹೆಸರು, ಹುಟ್ಟಿದ ತಾರೀಖು ನೋಡಿ ಬ್ಯಾಗಿಗೆ ಹಾಕಿಕೊಂಡಳು. ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಬೈಪಿಸಿಗೆ ಅರ್ಜಿ ಹಾಕಲು ಆಟೊ ಹತ್ತಿದೆವು. ರಸ್ತೆಯಲ್ಲಿ ಬಿಸಿಗಾಳಿ ಎದ್ದಿತ್ತು.

"ಕೊಡವ್ವಾ, ಆ ಬ್ಯಾಗು ನಾ ಹಿಡ್ಕೊಂತೀನಿ," ಎಂದೆ.

"ಬ್ಯಾಡಪ್ಪ," ಎಂದು ಅವಳು ಬ್ಯಾಗನ್ನು ಆ ಕಡೆಯ ತೊಡೆಯ ಮೇಲೆ ಸರಿಸಿಕೊಂಡಳು. "ನನ್ನ ಹತ್ರಾನ ಇರ್ಲಿ."