ನೀಲಿ ಫ್ರಾಕಿನ ಹಳದಿ
ಸಿನಿಮಾ ಸ್ಟುಡಿಯೋದಲ್ಲಿ ನಟರ ಬಟ್ಟೆ ಹೊಲಿಯುವ ಉಡುಪಿನಕ್ಕನಿಗೆ ಮಾತು, ಜಗಳ, ನಗು ಎಲ್ಲವೂ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಆಗಬೇಕು. ನಿರ್ದೇಶಕ ತಾನು ಸಿನಿಮಾ ಮಾಡುತ್ತಿರುವ ಮಕ್ಕಳ ಕಥೆಪುಸ್ತಕ ತೆರೆದು, ಚಿತ್ರ ತೋರಿಸಿ, "ಅಕ್ಕಾ, ಹುಡುಗಿ ಫ್ರಾಕು ನೀಲಿ ಅಲ್ವಾ?" ಎಂದು ರಾಗ ಎಳೆದರೆ, "ಕಾಡಿನ ಕತ್ತಲಲ್ಲಿ ನಿಮ್ಮ ನೀಲೀನ ದೀಪ ಹಿಡ್ಕೊಂಡು ಹುಡುಕ್ತೀರಾ?" ಎಂದು ಬಾಯಿ ಮುಚ್ಚಿಸಿ, ಬಿಳಿ ಬಟ್ಟೆಯನ್ನು ಹಳದಿ ಬಣ್ಣದ ತೊಟ್ಟಿಯಲ್ಲಿ ಅದ್ದಿಬಿಡುತ್ತಾಳೆ. ಆದರೆ ಮೊದಲ ಪ್ರದರ್ಶನದ ದಿನ ಈ ಗಟ್ಟಿಗಿತ್ತಿ ಪರದೆಯತ್ತ ಕಣ್ಣೆತ್ತದೆ, ಪಕ್ಕದ ಬಾಗಿಲಿಗೆ ಒರಗಿ ಮಕ್ಕಳ ಮುಖವನ್ನೇ ನೋಡುತ್ತಾಳೆ. ಹಿಂದೊಮ್ಮೆ ಬೇರೊಂದು ಕಥೆಪುಸ್ತಕದ ಹುಡುಗನ ಹಸಿರು ಟೋಪಿಯನ್ನು ಕೆಂಪು ಮಾಡಿದಾಗ, "ಇವನು ಅವನಲ್ಲ!" ಎಂದು ಮಗುವೊಂದು ಬಿಕ್ಕಿ ಬಿಕ್ಕಿ ಅತ್ತದ್ದು ಅವಳ ಕಿವಿಯಿಂದ ಇನ್ನೂ ಹೋಗಿಲ್ಲ. ಈ ಸಲ ಹಳದಿ ಫ್ರಾಕು ಪರದೆಗೆ ಬಂದದ್ದೇ ತಡ, ನೀಲಿ ಫ್ರಾಕಿನ ಚಿತ್ರವಿದ್ದ ಅದೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಪುಟಾಣಿಯೊಬ್ಬಳು, "ಅಮ್ಮಾ, ಬುಕ್ಕಲ್ಲಿರೋ ಫ್ರಾಕೇ ಹಾಕ್ಕೊಂಡಿದಾಳೆ!" ಎಂದು ಕೂಗಿದಳು. ಉಡುಪಿನಕ್ಕ ಅಲ್ಲೂ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ತುಟಿಯಿಂದ ತೆಗೆದು, ಬಾಯಿ ತುಂಬ ನಕ್ಕಳು.